ಅಣ್ಣನಿಗೆ ‘ಬೇಡ’ ಅಂತ ನೀವೇ ಹೇಳಬೇಕು

ಟೆಕ್ಸಾಸ್‌ನ ಫ್ರಿಸ್ಕೋದಿಂದ ಬಂದ ಪತ್ರ ಇದು. ಓದಿದಾಗಿನಿಂದ ಮನಸ್ಸು ಅಲ್ಲೇ ಇದೆ. ಬರೆದವರ ಯಜಮಾನರು ಒಂಬತ್ತು ವರ್ಷದಿಂದ ಎಚ್-1ಬಿ ವೀಸಾದಲ್ಲಿ, ಅಂದರೆ ಅಮೆರಿಕದ ಕಂಪನಿ ಅರ್ಜಿ ಹಾಕಿ ಕೊಡಿಸುವ ಕೆಲಸದ ವೀಸಾದಲ್ಲಿ, ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದರು. ಹೋದ ತಿಂಗಳು ಕೆಲಸ ಹೋಯಿತು. ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕಾಗಬಹುದು. ಹುಡುಕಿಕೊಳ್ಳಲು ಇರುವುದು 60 ದಿನ, ಅದರಲ್ಲಿ 22 ಆಗಲೇ ಕಳೆದಿವೆ. ಊರಿಂದ ತಂದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ನಲ್ಲಿ ಅವರು ಕೊನೆಯ ದಿನಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದಾರೆ. ಆರು ವರ್ಷದ ಮಗಳು ಅದನ್ನು ನೋಡಿ, ‘ಅವತ್ತು ಯಾವ ಹಬ್ಬ ಅಮ್ಮಾ?’ ಅಂತ ಕೇಳಿದಳಂತೆ.

ದಾವಣಗೆರೆಯಲ್ಲಿರುವ ಮಾವನಿಗೆ ಸ್ಟೆಂಟ್ ಹಾಕಿದೆ, ಅವರಿಗೆ ವಿಷಯ ಹೇಳಬೇಕಾ ಬೇಡವಾ ಅನ್ನುವುದು ಇವರ ಪ್ರಶ್ನೆ. ಹೇಳಿ. ಮಗನ ದನಿ ಕೇಳಿದರೇ ಅವರಿಗೆ ಅರ್ಧ ಗೊತ್ತಾಗಿರುತ್ತೆ. ಅದರ ಬಗ್ಗೆ ಜಾಸ್ತಿ ಬರೆಯೋದಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಪತ್ರದ ಕೊನೆಯಲ್ಲಿರುವ ಒಂದು ಸಾಲು. ‘ನನ್ನ ಅಣ್ಣ ಅವರ ಸ್ನೇಹಿತರ ಕನ್ಸಲ್ಟೆನ್ಸಿಯಲ್ಲಿ ಮಾತಾಡಿದ್ದಾರೆ, ಅವರು ಪೇರೋಲ್ ರನ್ ಮಾಡ್ತಾರಂತೆ, ಸಂಬಳದ ದುಡ್ಡು ನಾವೇ ಕೊಡಬೇಕು, ಅಡ್ವಾನ್ಸ್ 2,000 ಡಾಲರ್ ಕೊಟ್ಟಿದ್ದೇವೆ.’ ಇಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ಮಾವನ ಬಿಪಿ.

ತಂಗಿ, ನಿಮ್ಮ ಮನೆಯ ನಿಜವಾದ ಅಪಾಯ ಆ ಸಾಲಿನಲ್ಲಿದೆ. ಕೆಲಸ ಇಲ್ಲ, ಪ್ರಾಜೆಕ್ಟ್ ಇಲ್ಲ. ನಿಮ್ಮ ದುಡ್ಡೇ ಅವರ ಖಾತೆಗೆ ಹೋಗಿ ಸಂಬಳ ಅಂತ ವಾಪಸ್ ಬರುತ್ತೆ. ಎಚ್-1ಬಿಯಲ್ಲಿ ಕಂಪನಿ ತನ್ನ ಕೈಯಿಂದ, ನಿಜವಾದ ಕೆಲಸಕ್ಕೆ ಸಂಬಳ ಕೊಡಬೇಕು. ಹೀಗೆ ಇಲ್ಲದ ಕೆಲಸವನ್ನು ಇದೆ ಅಂತ ಸರ್ಕಾರಕ್ಕೆ ಹೇಳಿದ್ದು ಸಿಕ್ಕಿಬಿದ್ದರೆ ಆ ದೇಶದ ಬಾಗಿಲು ಜೀವನಪೂರ್ತಿ ಮುಚ್ಚಬಹುದು. ನನಗೆ ಗೊತ್ತಿರುವ ಒಬ್ಬ ಹುಡುಗ ಇಂಥದೇ ಪೇರೋಲ್‌ನಲ್ಲಿದ್ದ. ಸ್ಟ್ಯಾಂಪಿಂಗ್‌ಗೆ, ಅಂದರೆ ಪಾಸ್‌ಪೋರ್ಟ್‌ನಲ್ಲಿ ವೀಸಾ ಹಾಕಿಸಿಕೊಳ್ಳೋಕೆ ಅಂತ ಊರಿಗೆ ಬಂದಾಗ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ, ನಿನ್ನ ಕ್ಲೈಂಟ್ ಯಾರು ಅಂತ. ಅವನಿಗೆ ಬಾಯಿ ಬರಲಿಲ್ಲ. ಅವನ ಕಾರು ಇವತ್ತಿಗೂ ಅಲ್ಲಿ ಸ್ನೇಹಿತನ ಮನೆ ಮುಂದೆ ನಿಂತಿದೆ.

ಯಜಮಾನರ ಐ-140, ಅಂದರೆ ಅಲ್ಲೇ ಕಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕಿದ ಅರ್ಜಿ, ಎರಡು ವರ್ಷದ ಹಿಂದೆಯೇ ಅಪ್ರೂವ್ ಆಗಿದೆ ಅಂತಲೂ ಬರೆದಿದ್ದೀರಿ. ಅದು ನಿಮ್ಮ ಆಸ್ತಿ. ಅಪ್ರೂವ್ ಆಗಿ 180 ದಿನ ದಾಟಿದ ಮೇಲೆ ಹಳೇ ಕಂಪನಿ ಅರ್ಜಿ ವಾಪಸ್ ತಗೊಂಡರೂ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಮ್ಮ ದಿನಾಂಕ, ಅಂದರೆ ನಿಮ್ಮ ಜಾಗ, ಉಳಿಯುತ್ತೆ. ಒಂದು ವೇಳೆ ದಾವಣಗೆರೆಗೇ ವಾಪಸ್ ಬಂದರೂ ಉಳಿಯುತ್ತೆ. ಯಾವುದೇ ದೇಶದವರಿಗೆ ವರ್ಷದ ಗ್ರೀನ್ ಕಾರ್ಡ್‌ಗಳಲ್ಲಿ ಶೇಕಡಾ 7ಕ್ಕಿಂತ ಜಾಸ್ತಿ ಸಿಗಬಾರದು ಅನ್ನುವ ಮಿತಿ ಇರೋದರಿಂದಲೇ ನಮ್ಮವರ ಸಾಲು ಅಷ್ಟುದ್ದ ಇದೆ. ಅಷ್ಟು ವರ್ಷ ಕಾದು ಕಾಪಾಡಿಕೊಂಡ ಜಾಗವನ್ನು ಎರಡು ತಿಂಗಳ ಸುಳ್ಳು ಪೇಸ್ಲಿಪ್‌ಗೆ ಅಡ ಇಡ್ತೀರಾ?

ನಿಮ್ಮ ಭಯ ಸುಮ್ನೆ ಅಲ್ಲ, ಗೊತ್ತು. 2025ರ ಸೆಪ್ಟೆಂಬರ್‌ನಲ್ಲಿ, ಹೊರದೇಶದಲ್ಲಿರುವವರಿಗೆ ಹೊಸದಾಗಿ ಹಾಕುವ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕು ಅಂತ ಆದೇಶ ಬಂದಮೇಲೆ, ಒಮ್ಮೆ ಹೊರಟರೆ ಮುಗಿಯಿತು ಅಂತ ಎಲ್ಲರಿಗೂ ಅನ್ನಿಸಿದೆ. ಆದರೆ ನೇರವಾದ ದಾರಿಗಳು ಇನ್ನೂ ಇವೆ. 60 ದಿನದೊಳಗೆ ನಿಜವಾದ ಕಂಪನಿಯೊಂದು ಅರ್ಜಿ ಹಾಕಿದರೆ, ಹಾಕಿದ ದಿನದಿಂದಲೇ ಕೆಲಸ ಶುರು ಮಾಡಬಹುದು, ಹೊಸಬರಂತೆ ಎಚ್-1ಬಿ ಲಾಟರಿಯಲ್ಲಿ ಮತ್ತೆ ಹೆಸರು ಬರಬೇಕಿಲ್ಲ. ಆಗಲಿಲ್ಲ ಅಂದರೆ ಅಷ್ಟರೊಳಗೆ ವಿಸಿಟರ್ ಸ್ಟೇಟಸ್‌ಗೆ ಅರ್ಜಿ ಹಾಕಿ ಕೆಲಸ ಮಾಡದೆ ಸ್ವಲ್ಪ ಕಾಲ ಇರಬಹುದು. ಎಲ್ಲಿಯವರೆಗೆ ಇರಬಹುದು ಅಂತ ಹೇಳುವ ದಾಖಲೆ ಐ-94, ಅದರಲ್ಲಿರುವ ದಿನಾಂಕವನ್ನು ಇವತ್ತೇ ನೋಡಿ. ಅದು ಮೊದಲೇ ಮುಗಿದರೆ 60 ದಿನ ಪೂರ್ತಿ ಸಿಗೋದಿಲ್ಲ. ಅಂದಹಾಗೆ, ಅವಧಿಗೆ ಮುಂಚೆ ಕೆಲಸದಿಂದ ತೆಗೆದ ಕಂಪನಿ ಯಜಮಾನರ ಊರಿನ ಟಿಕೆಟ್ ಖರ್ಚು ಕೊಡಬೇಕು. ಸಂಕೋಚ ಬಿಟ್ಟು ಕೇಳಿ.

ನಿಮ್ಮ ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ನಿಮ್ಮ ಅಣ್ಣನ ಮೇಲೆ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಗ್ರೀನ್ ಕಾರ್ಡ್ ಇಟ್ಟುಕೊಂಡು ಕೂತವರಿಗೆ ಇದೆಲ್ಲ ಗೊತ್ತಿರೋದಿಲ್ವಾ? ಉಪಕಾರ ಮಾಡೋರು ತಮ್ಮ ಮೇಲೂ ಸ್ವಲ್ಪ ಭಾರ ಹೊತ್ತುಕೊಳ್ಳಬೇಕು. ಸಹಿ ನಿಮ್ಮವರದು, ದುಡ್ಡು ನಿಮ್ಮದು, ಹೆಸರು ಮಾತ್ರ ಅಣ್ಣನಿಗೆ.

ಕೆಲಸ ಕಳೆದುಕೊಂಡ ಗಂಡಸು ಹೆಂಡತಿಯ ಅಣ್ಣನಿಗೆ ‘ಬೇಡ ಭಾವ’ ಅನ್ನಲಾರ. ಅಂದರೆ ಕೊಬ್ಬು ಅಂತಾರೆ. ಅದಕ್ಕೇ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ತವರಿನಿಂದ ಬಂದದ್ದನ್ನು ವಾಪಸ್ ಕಳಿಸಬೇಕಾದವಳು ಮಗಳೇ.

ಲಾಯರ್‌ನ ನಾಳೆ ನೋಡಿ. ಇವತ್ತು ರಾತ್ರಿ ಮಗಳು ಮಲಗಿದ ಮೇಲೆ ಅಣ್ಣನಿಗೆ ಫೋನ್ ಮಾಡಿ. ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಆದರೆ ಮಾತು ನಿಮ್ಮದೇ ಇರಲಿ. ‘ಅಣ್ಣಾ, ಇಲ್ಲದ ಕೆಲಸದ ಸಂಬಳ ನಮಗೆ ಬೇಡ, ನಮ್ಮ ಹೆಸರಲ್ಲಿ ಒಂದು ಕಾಗದವೂ ಹೋಗಬಾರದು ಅಂತ ಅವರಿಗೆ ಹೇಳಿಬಿಡು.’ ಅವರು 2,000 ಡಾಲರ್ ಮಾತು ತೆಗೆದರೆ, ಹೋಗಲಿ ಬಿಡು ಅನ್ನಿ.