ರಾಜೀನಾಮೆ ಈಗ ಬೇಡ ಅಂತ ಹೇಳಿದ್ದು ಯಾಕೆ

ಕೊಡಗಿನಲ್ಲಿ ಸಲಹೆ ಕೇಳಿ ಬರುವವರಿಂದ ಈ ಕಥೆ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತದೆ. ಚೆನ್ನಾಗಿ ಓದಿ ಕೆಲಸದಲ್ಲಿರುವವರು, ಮನೆಯಲ್ಲಿ ತೋಟ, ನಲವತ್ತು ದಾಟಿದ ಮೇಲೆ ಎಲ್ಲ ಬಿಟ್ಟುಬಿಡಲಾ ಎಂಬ ಪ್ರಶ್ನೆ. ಅಂಥದ್ದೊಂದನ್ನು ಗುರುತು ಸಿಗದ ಹಾಗೆ ಬದಲಿಸಿ ಬರೆಯುತ್ತಿದ್ದೇನೆ.

ಆಕೆ ಕೆಮಿಸ್ಟ್ರಿ ಪ್ರೊಫೆಸರ್. ಪಿಎಚ್‌ಡಿ ಮಾಡಿದ್ದು ಸಂಕ್ರಮಣ ಲೋಹಗಳ ಮೇಲೆ, ಅಂದರೆ ತಾಮ್ರ, ಕೋಬಾಲ್ಟ್, ನಿಕ್ಕಲ್‌ನಂಥವು. ಮದುವೆಯಾಗಿ ವಿರಾಜಪೇಟೆ ಕಡೆ ಬಂದರು. ಕಾಲೇಜಿನಲ್ಲಿ ಪಾಠ, ಪರೀಕ್ಷೆ ಕೆಲಸ. ಮನೆಗೆ ಬಂದರೆ ಕಾಫಿ ಕುಯ್ಲು, ಕಣ, ಕೂಲಿ ಲೆಕ್ಕ. ಸಂಶೋಧನೆಗೆ ಆ ಲೋಹಗಳ ಸಂಯುಕ್ತದ ಹರಳು ಕಷ್ಟಪಟ್ಟು ಬೆಳೆಸಿದರೂ ಅದರ ರಚನೆ ತಿಳಿಯೋಕೆ ಎಕ್ಸ್-ರೇ ಯಂತ್ರ ಇರುವ ಊರಿಗೆ ಕಳಿಸಿ ಕಾಯಬೇಕು. ಸಂಶೋಧನೆ ನಿಂತೇ ಹೋಗಿತ್ತು. "ಪೇಪರ್ ಬರೆಯದವಳು ಎಂಥ ಪ್ರೊಫೆಸರ್ ಮೇಡಂ? ಬಿಟ್ಟು ತೋಟ ನೋಡ್ಕೋತೀನಿ" ಅಂದರು.

ಒಂದು ಭೇಟಿಯಲ್ಲಿ, ಈಚೆಗೆ ಲ್ಯಾಬಿನಲ್ಲಿ ಏನಾಯಿತು ಹೇಳಿ ಅಂದೆ. ಒಬ್ಬಳು ವಿದ್ಯಾರ್ಥಿನಿ ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣಕ್ಕೆ ಅಮೋನಿಯಾ ಹನಿ ಹನಿಯಾಗಿ ಹಾಕುತ್ತಿದ್ದಳಂತೆ. ಮೊದಲು ತಿಳಿ ನೀಲಿ ಗಷ್ಟು, ಇನ್ನೂ ಹಾಕಿದಾಗ ಅದು ಕರಗಿ ಗಾಢ ನೀಲಿ. "ನಮ್ಮಪ್ಪ ಸುಣ್ಣ ಸೇರಿಸಿ ಮೆಣಸಿನ ಬಳ್ಳಿಗೆ ಹೊಡೆಯೋದು ಇದನ್ನೇ ಅಲ್ವಾ ಮೇಡಂ?" ಅಂತ ಕೇಳಿದಳಂತೆ. ಇದನ್ನು ಹೇಳುತ್ತಾ ಆಕೆಯ ದನಿಯೇ ಬದಲಾಯಿತು. ಲೋಹದ ಸುತ್ತ ಬೇರೆ ಅಣುಗಳು ಹೇಗೆ ಕೂರುತ್ತವೆ ಅಂತ 1893ರಲ್ಲಿ ಹೇಳಿದ ರಸಾಯನ ವಿಜ್ಞಾನಿ ಆಲ್ಫ್ರೆಡ್ ವರ್ನರ್‌ಗೆ ಆಗ ಬರೀ 26 ವರ್ಷ, ನನಗೀಗ 44 ಅಂತ ನೊಂದುಕೊಂಡರು. ಆಮೇಲೆ ತಾವೇ ಮುಂದುವರಿಸಿದರು: ಆತನಿಗೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 1911ರಲ್ಲಿ, ಅದೂ ವಿಕ್ಟರ್ ಕಿಂಗ್ ಎಂಬ ವಿದ್ಯಾರ್ಥಿ ಜೊತೆ ಮಾಡಿದ ಕೆಲಸದಿಂದ, ನೊಬೆಲ್ ಬಂದಿದ್ದು 1913ರಲ್ಲಿ. ಅಲ್ಲಿಗೆ ಮಾತು ನಿಂತಿತು.

"ನನ್ನ ಜೊತೆ ಯಾರೂ ಇಲ್ಲ ಮೇಡಂ. ಕೆಲಸ ಬೇಜಾರಾಗಿಲ್ಲ. ಒಬ್ಬಳೇ ಮಾಡಿ ಸಾಕಾಗಿದೆ."

ನನ್ನ ಸಲಹೆ ಈ ಮಾತಿನ ಮೇಲೆ ನಿಂತಿದೆ. ಕುಯ್ಲು ಮುಗಿದು, ಕಾಫಿ ಗಿಡ ಹೂ ಬಿಡಿಸುವ ಹೂ ಮಳೆ ಬೀಳುವ ತನಕ ರಾಜೀನಾಮೆ ಮಾತೇ ಬೇಡ ಅಂದೆ. ನಿದ್ದೆಗೆಟ್ಟ ತಿಂಗಳುಗಳಲ್ಲಿ ಮಾಡಿದ ನಿರ್ಧಾರವನ್ನು ನಾನು ನಂಬುವುದಿಲ್ಲ. ಪಿಎಚ್‌ಡಿ ಕಾಲದ ಗೆಳತಿಯರಿಗೆ ಫೋನ್ ಮಾಡಿ, ಪ್ರಶ್ನೆ ಕೇಳಿದ ಆ ಹುಡುಗಿಗೆ ಒಂದು ಸಣ್ಣ ಪ್ರಾಜೆಕ್ಟ್ ಕೊಡಿ ಅಂದೆ. ಅವರ ಗಂಡನನ್ನೂ ಕರೆಸಿ, ಕೂಲಿ ಲೆಕ್ಕ ತೋಟದ ರೈಟರ್‌ಗೆ (ಲೆಕ್ಕ ಬರೆಯುವವನಿಗೆ) ಬಿಡಿ ಅಂತ ನೇರವಾಗಿ ಹೇಳಿದೆ.

ಮನೆಯ ನೆಮ್ಮದಿ ನೋಡಬೇಕಿತ್ತು ಅಂತ ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಕಾಯಂ ಹುದ್ದೆ ಬಿಟ್ಟರೆ ಈ ವಯಸ್ಸಿನಲ್ಲಿ ಮತ್ತೆ ಸಿಗುವುದು ಬಹಳ ಕಷ್ಟ. ತೋಟ ಎಲ್ಲಿಗೂ ಹೋಗುವುದಿಲ್ಲ. ಕಾಲೇಜೂ ಇಲ್ಲದೆ ತೋಟದಲ್ಲೇ ಉಳಿದಿದ್ದರೆ ಆಕೆಯ ಒಂಟಿತನ ಇನ್ನೂ ಜಾಸ್ತಿ ಆಗುತ್ತಿತ್ತು. ಗಂಡಸು ಪ್ರೊಫೆಸರ್ ಆಗಿದ್ದರೆ ಮನೆಯ ನೆಮ್ಮದಿಯ ಪ್ರಶ್ನೆ ಯಾರಾದರೂ ಎತ್ತುತ್ತಿದ್ದರಾ?

ಏಪ್ರಿಲ್‌ನಲ್ಲಿ ಮತ್ತೆ ಬಂದರು. ಮೈಸೂರಿನಲ್ಲಿರುವ ಹಳೆಯ ಗೆಳತಿ ಜೊತೆ ಕೆಲಸ ಶುರುವಾಗಿದೆ, ಆ ಹುಡುಗಿಯೂ ಸೇರಿದ್ದಾಳೆ. ಪೇಪರ್ ಇನ್ನೂ ಬಂದಿಲ್ಲ. ಬಂದೇ ಬರುತ್ತದೆ ಅಂತ ನಾನು ಮಾತು ಕೊಟ್ಟೂ ಇಲ್ಲ.