ಮೊದಲ ತಿಂಗಳ ಹೇಳ್ರಿ, ಆಮ್ಯಾಲ ನೀರ ಮಾಡೂಣು

ಪುಟಾಣಿ ರೈಲ್ವೆ ಮಾಡೂ ಓದುಗರ ಪ್ರಶ್ನಿ ಈ ಸಲ ಭಾಳ ಬಂದಾವ, ಅದರಾಗ ಅರ್ಧಕ್ಕಿಂತ ಹೆಚ್ಚು ನೀರಿನವ. ಹೊಳಿ, ಕೆರಿ, ಹಿನ್ನೀರು, ಜಲಪಾತ ಕಡಿಮಿ ರೊಕ್ಕದಾಗ ಹೆಂಗ ಮಾಡೂದು ಅಂತ. ನಾಲ್ಕೈದು ಆರಿಸಿ ಉತ್ತರ ಬರದೀನಿ.

ಪ್ರಶ್ನೆ: ಸರ್, ನಂದು 6 ಅಡಿ ಉದ್ದ 3 ಅಡಿ ಅಗಲದ ಪ್ಲೈವುಡ್ ಮ್ಯಾಲ ಎಚ್‌ಓ ಸ್ಕೇಲ್ ರೈಲ್ವೆ ಐತಿ. ಕುಡಚಿ ಹತ್ರ ಕೃಷ್ಣಾ ಹೊಳಿ ಮ್ಯಾಲಿನ ಸೇತುವೆ ನೋಡಿ ಒಂದು ಸೇತುವೆ ಮಾಡೀನಿ, ಅದು ಚಲೋ ಬಂದೈತಿ, ನೀರ ಮಾತ್ರ ದಾರಿಗೆ ಬರವಲ್ದು. ನೀಲಿ ಬಣ್ಣ ಹೊಡದು ವಾರ್ನಿಷ್ ಹಚ್ಚಿದ್ರ ಈಜುಗೊಳ ಕಂಡಂಗ ಕಾಣತೈತಿ. ಆನ್‌ಲೈನ್‌ದಾಗ ಸಿಗೂ ರೆಡಿ ನೀರಿನ ಬಾಟ್ಲಿ ಭಾಳ ತುಟ್ಟಿ. ಸೋವಿಯೊಳಗ ಏನರ ಐತೇನ್ರಿ? – ರಾಯಬಾಗದ ಓದುಗ

ಉತ್ತರ: ಕೃಷ್ಣಾ ಹೊಳಿ ನೀವು ಯಾವತ್ತರ ನೀಲಿ ನೋಡೀರೇನ್ರಿ? ನಿಮ್ಮ ವಾರ್ನಿಷ್‌ದು ತಪ್ಪಿಲ್ಲ, ನೀವು ಹಚ್ಚಿದ್ದು ಚಿತ್ರದ ಪುಸ್ತಕದಾಗಿನ ಹೊಳಿ ಬಣ್ಣ. ನಾನು ಯಾರ ಕೇಳಿದ್ರೂ ಮೊದಲ ಕೇಳೂದು ಒಂದ, ನಿಮ್ಮ ಹೊಳಿ ಯಾವ ತಿಂಗಳದಾಗ ಹರಿಯಾಕತ್ತೈತಿ? ಆಷಾಢ ಶ್ರಾವಣದಾಗ ಮಹಾರಾಷ್ಟ್ರದ ಘಟ್ಟದ ಮಳಿ ನೀರ ಬಂದಾಗ ಹಾಲ ಹಾಕಿದ ಚಹಾದ ಬಣ್ಣ ಇರತೈತಿ, ದೀಪಾವಳಿ ದಾಟಿದ ಮ್ಯಾಲ ತಿಳಿಯಾಗಿ ಹಸರ ಕಡೆ ತಿರಗತೈತಿ, ಏಪ್ರಿಲ್ ಮೇ ಬಂತಂದ್ರ ಉಸುಕು, ಬಂಡಿ, ನಡುವ ಒಂದು ತೆಳು ಕಾಲುವಿ. ಮೂರೂ ಕೃಷ್ಣಾನ, ಆದ್ರ ಮೂರಕ್ಕೂ ಮಾಡೂ ಕೆಲಸ ಬ್ಯಾರೆ.

ನಿಮಗ ನಾನು ಹೇಳೂದು ಮೇ ತಿಂಗಳ ಹೊಳಿ. ಯಾಕಂದ್ರ ಎಚ್‌ಓ ಅಂದ್ರ 87 ಪಟ್ಟು ಸಣ್ಣದು, ನಿಮ್ಮ ಬೋರ್ಡಿನ 3 ಅಡಿ ಅಗಲ ಪೂರಾ ನೀರ ಮಾಡಿದ್ರೂ ಅದು ಸುಮಾರು 80 ಮೀಟರ್ ಹೊಳಿ ಆಗತೈತಿ, ಕೃಷ್ಣಾಕ್ಕ ಅದು ಯಾತಕ್ಕೂ ಸಾಲೂದಿಲ್ಲ. ಬ್ಯಾಸಗಿಯೊಳಗಾದ್ರ ಒಂದು ಅಡಿ ನೀರ, ಉಳಿದದ್ದು ಉಸುಕು ಅಂತ ತೋರಿಸಬಹುದು, ನೋಡಿದವರ ಕಣ್ಣು ಇದು ದೊಡ್ಡ ಹೊಳಿ, ಈಗ ಬತ್ತೈತಿ ಅಂತ ತಾನ ತಿಳಕೊಂತೈತಿ. ಮ್ಯಾಲಾಗಿ ಉಸುಕಿಗೆ ರೊಕ್ಕಾನೂ ಇಲ್ಲ.

ಈಗ ನೀರ. ತಳ ಪಿಓಪಿ ಹಚ್ಚಿ ಮಟ್ಟ ಮಾಡ್ರಿ, ಗೌಂಡಿ ಹಂತ್ಯಾಕ ಇರೂ ಲೆವೆಲ್ ಪಟ್ಟಿ ಇಟ್ಟು ನೋಡ್ರಿ, ಸೊಟ್ಟ ನೀರ ಕಣ್ಣಿಗೆ ತಕ್ಷಣ ಬೀಳತೈತಿ. ಒಣಗಿದ ಮ್ಯಾಲ ಟಾಯ್ಲೆಟ್ ಪೇಪರ್ ಒಂದ ಪದರ ಬಿಡಿಸಿ ಹಾಸ್ರಿ, ನೀರ ಚಿಮುಕಿಸ್ರಿ, ಒಂದು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರ ಕಲಸಿ ಬ್ರಷ್‌ನಿಂದ ತಿಕ್ಕಬ್ಯಾಡ್ರಿ, ಬ್ರಷ್ ನೆಟ್ಟಗ ಹಿಡದು ತುದಿಲೆ ಕುಟ್ಟಿಕೋತ ಹೋಗ್ರಿ. ಕಾಗದ ಸಣ್ಣಗ ನೆರಿಗಿ ಬೀಳತೈತಿ, ಆ ನೆರಿಗಿನ ನಿಮ್ಮ ತೆರಿ. ಇಲ್ಲಿ ಕೈ ಬಿಗಿ ಇರಲಿ: ಖರೆ ಹೊಳಿಯೊಳಗಿನ 5 ಸೆಂಟಿಮೀಟರ್ ತೆರಿ ನಿಮ್ಮ ಸ್ಕೇಲಿಗೆ ಬಂದ್ರ ಬರೇ ಅರ್ಧ ಮಿಲಿಮೀಟರ್. ಕಾಣತೈತೋ ಇಲ್ಲೋ ಅನ್ನೂ ಅಷ್ಟ ಇದ್ರ ಸಾಕು, ಭಾಳ ಮಂದಿ ಇಲ್ಲೇ ಸಮುದ್ರ ಎಬ್ಬಿಸಿ ಕೆಡಸ್ತಾರ.

ಪೂರಾ ಒಂದು ದಿನ ಒಣಗಲಿ. ಆಮ್ಯಾಲ ಪೋಸ್ಟರ್ ಕಲರ್ ಬಿಟ್ಟು ಅಕ್ರಿಲಿಕ್ ಬಣ್ಣ ತಗೋರಿ, ಪೋಸ್ಟರ್ ಕಲರ್ ಮ್ಯಾಲ ವಾರ್ನಿಷ್ ಬಿದ್ದಾಗ ಎದ್ದು ಬರೂ ಸಾಧ್ಯತೆ ಐತಿ. ನಡುವ ಆಳದಾಗ ಕಪ್ಪು ಕೂಡಿದ ಹಸರು, ದಂಡಿಗೆ ಬರಕೋತ ಉಸುಕಿನ ಬಣ್ಣ, ಎರಡೂ ಕೂಡೂ ಜಾಗ ಗೆರಿ ಕಾಣಬಾರದು, ಹಸಿ ಇದ್ದಾಗಲೇ ಬೆರಳಿಲೆ ತೀಡಿಬಿಡ್ರಿ. ಆಳ ಅನ್ನೂದು ಈ ಬಣ್ಣದಾಗ ಬರೂದು, ಮ್ಯಾಲಿನ ಹೊಳಪಿನಿಂದಲ್ಲ. ಕಡೀಕ ಹೊಳಪಿನ (ಗ್ಲಾಸಿ) ಅಕ್ರಿಲಿಕ್ ವಾರ್ನಿಷ್ ಮೂರ್ನಾಲ್ಕು ಕೋಟ್, ಪ್ರತಿ ಕೋಟ್ ನಡುವ ಪೂರಾ ಒಣಗಬೇಕು. ಮನ್ಯಾಗ ಬಾಗಲಾ ಬಣ್ಣದ ಜೊತಿ ಉಳಿದ ಎಣ್ಣಿ ವಾರ್ನಿಷ್ ಇದ್ರ ಅದೂ ನಡಿತೈತಿ, ವರ್ಷ ಕಳದಂಗ ಹಳದಿ ತಿರಗತೈತಿ, ಆದ್ರ ಕೆಸರ ನೀರಿಗೆ ಅದರಿಂದ ನುಕ್ಸಾನ ಇಲ್ಲ. ಒಂದ ಎಚ್ಚರ, ತಳದಾಗ ಎಲ್ಲೆರ ಥರ್ಮಾಕೋಲ್ ಬಿಚ್ಚಿಕೊಂಡಿದ್ರ ಥಿನ್ನರ್ ಇರೂ ವಾರ್ನಿಷ್, ಸ್ಪ್ರೇ ಪೇಂಟ್ ಹತ್ರ ತರಬ್ಯಾಡ್ರಿ, ಕರಗಿ ಗುಂಡಿ ಬೀಳತೈತಿ.

ದಂಡಿ ಮಾತ್ರ ಅವಸರ ಮಾಡಬ್ಯಾಡ್ರಿ, ಅರ್ಧ ನೀರ ದಂಡಿ ಮ್ಯಾಲ ಐತಿ. ಹೊಳಿ ಉಸುಕು ತಂದು ತೊಳದು, ಹಂಚಿನ್ಯಾಗ ಹುರದು, ಚಹಾ ಸೋಸೂ ಜಾಳಗಿಯೊಳಗ ಜರಡಿ ಹಿಡೀರಿ. ಆಮ್ಯಾಲ ಒಂದು ಮ್ಯಾಗ್ನೆಟ್ ಆಡಸ್ರಿ, ಕರೀ ಕಬ್ಬಿಣದ ಕಣ ಎದ್ದು ಬರತಾವ, ಅವನ್ನ ತಗೀಲಿಲ್ಲಂದ್ರ ಒಂದಿನ ಎಂಜಿನ್ನಿನ ಮೋಟರ್ ಒಳಗ ಹೋಗಿ ಕುಂತಾವ. ನೀರಿಗೆ ಹತ್ತಿದ ಉಸುಕು ಒಂದು ಗೆರಿಯಷ್ಟು ಕಪ್ಪಗ ಇರಲಿ, ಹಸಿ ಉಸುಕು ಹಂಗ ಇರತೈತಲ್ಲ. ಆಪಿನ ಹುಲ್ಲಿಗೆ ಗೋಣಿಚೀಲದ ಸೆಣಬಿನ ಎಳಿ ಕತ್ತರಿಸಿ ಗುಂಪು ಗುಂಪಾಗಿ ನೆಡ್ರಿ. ಸೇತುವೆ ಕಂಬಕ್ಕ ಕಳದ ವರ್ಷದ ಮಹಾಪೂರ ಎಲ್ಲಿತನಕ ಬಂದಿತ್ತು ಅಂತ ಒಂದು ಮಣ್ಣಿನ ಗೆರಿ, ನೀರ ಬರೂ ಬಾಜೂಕ ಕಂಬಕ್ಕ ಸಿಕ್ಕ ನಾಲ್ಕು ಕಡ್ಡಿ, ಒಂದಿಷ್ಟು ಕಬ್ಬಿನ ರವದಿ. ರವದಿಗೆ ಕಸಬರಗಿ ಕಡ್ಡಿ ಸೀಳಿದ್ರ ಆತು. ಇದಿಷ್ಟು ಆದ್ರ ನಿಮ್ಮ ಈಜುಗೊಳ ಕೃಷ್ಣಾ ಆಗತೈತಿ, ನನಗ ಅದರಾಗ ಸಂಶಯ ಇಲ್ಲ.

ಪ್ರಶ್ನೆ: ನಾನು ಆಲಮಟ್ಟಿ ಹಿನ್ನೀರ ಮಾಡಾಕತ್ತೀನಿ, 60 ಸೆಂಟಿಮೀಟರ್ ಉದ್ದ 20 ಅಗಲ. ಖರೆ ಆಳ ಕಾಣಬೇಕಂತ 2 ಇಂಚು ಕೆತ್ತಿ ತಗ್ಗು ಮಾಡೀನಿ, ಅದರ ತುಂಬ ಎಪಾಕ್ಸಿ ರೆಸಿನ್ (ಸುರುವಿದ ಮ್ಯಾಲ ಗಾಜಿನಂಗ ಗಟ್ಟಿ ಆಗೂ ಅಂಟು) ಸುರುವಿದ್ರ ಹೆಂಗ? – ಬಾಗಲಕೋಟೆ ನವನಗರದ ಓದುಗ

ಉತ್ತರ: ಬ್ಯಾಡ್ರಿ. ಲೆಕ್ಕ ಹಾಕ್ರಿ, 60 ಗುಣಿಲೆ 20 ಗುಣಿಲೆ 5 ಅಂದ್ರ 6 ಲೀಟರ್ ರೆಸಿನ್. ಅದ 3 ಮಿಲಿಮೀಟರ್ ದಪ್ಪ ಸುರುವಿದ್ರ 360 ಮಿಲಿ ಸಾಕು. ರೊಕ್ಕ ಒಂದ ಅಲ್ಲ, ರೆಸಿನ್ ಗಟ್ಟಿ ಆಗೂಮುಂದ ಬಿಸಿ ಹುಟ್ಟತೈತಿ, ದಪ್ಪ ಇದ್ದಷ್ಟು ಆ ಬಿಸಿ ಹೊರಗ ಹೋಗೂದಿಲ್ಲ, ಸೀಳತೈತಿ, ಹಳದಿ ಆಗತೈತಿ, ಕೆಳಗಿನ ಥರ್ಮಾಕೋಲ್ ಸೊಟ್ಟ ಆಗತೈತಿ. ತಗ್ಗನ್ನ ಪಿಓಪಿ ಹಾಕಿ ಮುಚ್ಚಿ ಮ್ಯಾಲ ಅರ್ಧ ಸೆಂಟಿಮೀಟರ್ ಬಿಡ್ರಿ, ತಳಕ್ಕ ಗಾಢ ಬಣ್ಣ ಹೊಡೀರಿ, 3 ಮಿಲಿಮೀಟರ್ ರೆಸಿನ್ ಆಳ ತೋರಿಸೇ ತೋರಸತೈತಿ.

ನನ್ನ ಮೊದಲನೇ ಕೆರಿ ರಾತ್ರಿ ತುಂಬಿತ್ತು, ಮುಂಜಾನೆ ಎದ್ದು ನೋಡಿದ್ರ ಖಾಲಿ. ವೈರ್ ಹಾಯಿಸಾಕ ಕೊರದ ಒಂದು ಸಣ್ಣ ತೂತ ಮುಚ್ಚೂದು ಮರತಿದ್ದೆ, ರೆಸಿನ್ ಎಲ್ಲಾ ಆ ತೂತಿನಾಗಿಂದ ಇಳದು ಕೆಳಗಿನ ವೈರ್ ಗೊಂಚಲದ ಮ್ಯಾಲ ಕಲ್ಲಾಗಿ ಕುಂತಿತ್ತು, ಹಳಿ ಬದಲಿ ಮಾಡೂ ಎರಡು ಮೋಟರ್ ಕಿತ್ತು ಒಗೀಬೇಕಾತು. ರೆಸಿನ್ ಸೂಜಿ ತೂತಿನಾಗೂ ದಾರಿ ಹುಡಕತೈತಿ. ಅದಕ್ಕ ತಳಕ್ಕ, ದಂಡಿಗೆ, ಕಂಬದ ಬುಡಕ್ಕ ಫೆವಿಕಾಲ್ ಎರಡು ಕೋಟ್ ಹಚ್ಚಿ ಪೂರಾ ಒಣಗಿಸ್ರಿ, ಬೋರ್ಡಿನ ಅಂಚಿನ್ಯಾಗ ನೀರ ಮುಗಿಯೂ ಜಾಗಕ್ಕ ಪ್ಲಾಸ್ಟಿಕ್ ಪಟ್ಟಿ ಟೇಪ್ ಹಾಕಿ ಅಣೆಕಟ್ಟು ಕಟ್ರಿ.

ಕಲಸೂದು ತೂಕದ ಲೆಕ್ಕಾನೋ ಅಳತಿ ಲೆಕ್ಕಾನೋ ಡಬ್ಬಿ ಮ್ಯಾಲ ಓದ್ರಿ. ರೆಸಿನ್, ಅದನ್ನ ಗಟ್ಟಿ ಮಾಡಾಕ ಕಲಸೂ ಹಾರ್ಡನರ್, ಎರಡರ ತೂಕ ಒಂದ ಅಲ್ಲ, ತಪ್ಪಿದ್ರ ನೀರ ಕಡೀತನಕ ಅಂಟಂಟ ಉಳೀತೈತಿ, ಧೂಳ ಎಲ್ಲಾ ಹಿಡಕೊಂತೈತಿ. ಮತ್ತ ಇಲ್ಲೂ ತಿಂಗಳ ಮಾತು ಬಂತು. ಬಾಗಲಕೋಟೆಯ ಮೇ ಬಿಸಲಾಗ ರೆಸಿನ್ ಕಪ್ಪಿನಾಗ ಗಟ್ಟಿ ಆಗಾಕ ಹತ್ತತೈತಿ, ಅದಕ್ಕ ನಸುಕಿನ್ಯಾಗ ಸ್ವಲ್ಪ ಸ್ವಲ್ಪ ಕಲಸ್ರಿ. ಬೆಳಗಾವಿ ಕಡೆ ಜುಲೈದಾಗ ಹವಾದ ಪಸಿಗೆ ಮ್ಯಾಲ ಮಂಜು ಹಿಡಿದಂಗ ಆಗತೈತಿ, ಅಲ್ಲಿಯವರು ಮಳಿ ಮುಗಿಯೂತನಕ ಕಾಯೂದು ಚಲೋ. ಕೈಗೆ ಗ್ಲೌಸ್ ಹಾಕ್ರಿ, ಕಿಟಕಿ ತೆರೀರಿ, ಸುರುವಿದ ಮ್ಯಾಲ ರಟ್ಟಿನ ಡಬ್ಬಿ ಬೋರಲ ಹಾಕಿ ಮುಚ್ರಿ.

ಒಂದು ಮಾತು, ಹಿನ್ನೀರ ಹೊಳಿ ಅಲ್ಲ, ಅದಕ್ಕ ತೆರಿ ಬ್ಯಾಡ. ನೀರಾಗ ನಿಂತು ಸತ್ತ ಜಾಲಿ ಗಿಡ ಎರಡು, ಮುಳಗಿದ ಮನಿ ಗ್ವಾಡಿ ತುದಿ ಒಂದು ಕಾಣೂವಂಗ ಇಡ್ರಿ. ಹಳೆ ಬಾಗಲಕೋಟೆ ಬಿಟ್ಟು ಬಂದವರ ಮನಿಯವರು ಯಾರರ ನಿಮ್ಮ ಬೋರ್ಡ್ ಮುಂದ ನಿಂತ್ರ ಆ ಗ್ವಾಡಿ ನೋಡಿ ನಿಲ್ತಾರ.

ಪ್ರಶ್ನೆ: ಅಣ್ಣಾರ, ನಾನು ಶಾಲಿ ಟೀಚರ್. ಮಕ್ಕಳ ಪ್ರದರ್ಶನಕ್ಕ ಗೋಕಾಕ ಫಾಲ್ಸ್ ಮಾಡಬೇಕು, ಬಾಜೂಕ ಸಣ್ಣ ರೈಲು ಓಡಸ್ತೀವಿ. ಹತ್ತಿ ಅಂಟಿಸಿದ್ವಿ, ಗಡ್ಡದಂಗ ಕಾಣತೈತಿ. – ಗೋಕಾಕದಿಂದ

ಉತ್ತರ: ಅಕ್ಕಾರ, ಫಾಲ್ಸ್ ಎತ್ತರ 52 ಮೀಟರ್, ಎಚ್‌ಓದಾಗ ಅದು 60 ಸೆಂಟಿಮೀಟರ್, ಎನ್ ಸ್ಕೇಲ್ ಅಂದ್ರ 160 ಪಟ್ಟು ಸಣ್ಣದಾದ್ರ ಬರೇ 32. ಶಾಲಿ ಟೇಬಲ್‌ಗೆ ಎನ್ ಸಾಕು. ಗುಡ್ಡಕ್ಕ ಥರ್ಮಾಕೋಲ್ ಹಾಳಿ ಅಡ್ಡ ಪೇರಿಸಿ ಅಂಚು ಕೈಲೆ ಮುರೀರಿ, ಚಾಕುಲೆ ಕತ್ತರಿಸಬ್ಯಾಡ್ರಿ, ಮುರದ್ರ ಅಲ್ಲಿಯ ಪದರ ಪದರ ಬಂಡಿ ತಾನ ಬರತೈತಿ. ಮ್ಯಾಲಿನ ಅಂಚು ಕುದರಿ ಲಾಳದಂಗ ಬಾಗಿರಲಿ.

ನೀರಿಗೆ ಹಾರ್ಡ್‌ವೇರ್ ಅಂಗಡಿಯೊಳಗ ಸಿಗೂ ಪಾರದರ್ಶಕ ಸಿಲಿಕೋನ್ ತಗೋರಿ, ಬಾತ್‌ರೂಮ್ ಸಂದಿಗೆ ಹಚ್ಚತಾರಲ್ಲ, ವಿನೆಗರ್ ವಾಸನಿ ಬರತೈತಿ, ಕಿಟಕಿ ತೆರದಿರ್ರಿ. ಪಾಲಿಥಿನ್ ಹಾಳಿ ಮ್ಯಾಲ ಉದ್ದುದ್ದ ಗೆರಿ ಎಳೀರಿ, ಫಾಲ್ಸ್ ಎತ್ತರಕ್ಕಿಂತ ಒಂದೆರಡು ಸೆಂಟಿಮೀಟರ್ ಹೆಚ್ಚಿಗೆ. ಹಳೆ ಹಲ್ಲುಜ್ಜೂ ಬ್ರಷ್‌ದಿಂದ ಮ್ಯಾಲಿಂದ ಕೆಳಗ ಬಾಚ್ರಿ, ತಿರುಗಿ ಮ್ಯಾಲಕ್ಕ ಹೋಗಬ್ಯಾಡ್ರಿ. ಒಂದು ದಿನ ಬಿಟ್ಟು ಸುಲದ್ರ ಪೂರಾ ಪರದಿ ಬರತೈತಿ, ಅದನ್ನ ಬಂಡಿಗೆ ಅದ ಸಿಲಿಕೋನ್‌ದಿಂದ ಅಂಟಿಸ್ರಿ. ಒಣಗಿದ ಸಿಲಿಕೋನ್‌ಗೆ ಬಣ್ಣ ನಿಲ್ಲೂದಿಲ್ಲ, ಅದಕ್ಕ ಬಣ್ಣ ಬೇಕಂದ್ರ ಹಸಿ ಇದ್ದಾಗ ಒಂದು ಚೂರು ಆಯಿಲ್ ಕಲರ್ ಕಲಸ್ರಿ. ಬಣ್ಣ ಯಾವುದು ಅಂತ ನಿಮ್ಮೂರವರಿಗೆ ನಾನು ಹೇಳೂದಲ್ಲ. ಆಗಸ್ಟ್ ತಿಂಗಳದಾಗ ಘಟಪ್ರಭಾ ತುಂಬಿ ಬಂದಾಗ ಅದು ಕೆಂಪು ಕಂದು ಕೂಡಿದ ಗೋಡಿ, ಬಿಳಿ ಬರೇ ಅಂಚಿನ್ಯಾಗ. ಮಾರ್ಚ್ ಅಂದ್ರ ಬಂಡಿನ ಕಾಣೂದು, ನಾಲ್ಕೈದು ಎಳಿ ಸಾಕು. ನಿಮ್ಮ ಹತ್ತಿ ಕೆಳಗ ಹನಿ ಎಗರೂ ಜಾಗಕ್ಕ ತೆಳ್ಳಗ ಬಿಡಿಸಿ ಇಡ್ರಿ, ಅಲ್ಲಿ ಅದು ಖರೆ ಕೆಲಸ ಮಾಡತೈತಿ. ತೂಗು ಸೇತುವೆ ದಾರದಾಗ ಮಕ್ಕಳಿಂದ ಹೆಣಸ್ರಿ. ಇಲ್ಲಿ ಭಾಳ ಹಿಂದ ನೀರಿನಿಂದ ಕರೆಂಟ್ ತಯಾರ ಮಾಡಿದ್ರು, ಕೆಳಗ ಪವರ್‌ಹೌಸ್ ಇಟ್ಟು ಒಂದು ಎಲ್‌ಇಡಿ ಹಚ್ರಿ, ಮಕ್ಕಳಿಗೆ ಹೇಳಾಕ ಒಂದು ವಿಷಯ ಆಗತೈತಿ.

ಪ್ರಶ್ನೆ: ನನ್ನ ಮಗ ಎಂಟನೇತ್ತ ಓದತಾನ, ಸಣ್ಣ ಪಂಪ್ ಹಚ್ಚಿ ಖರೇ ನೀರ ಹರಸ್ತೀನಿ ಅಂತ ಹಟ ಹಿಡದಾನ. ಮಾಡ್ಲೇನ್ರಿ? – ವಿಜಯಪುರದ ತಾಯಿ

ಉತ್ತರ: ಅವಂಗ ಇದನ್ನ ಓದಿ ಹೇಳ್ರಿ ಅಕ್ಕಾರ. ತಮ್ಮಾ, ರೈಲು ಸಣ್ಣದು ಮಾಡಬಹುದು, ನೀರಿನ ಹನಿ ಸಣ್ಣದು ಮಾಡಾಕ ಬರೂದಿಲ್ಲ. 3 ಮಿಲಿಮೀಟರ್ ಹನಿ ನಿನ್ನ ಎಚ್‌ಓ ಊರಾಗ 26 ಸೆಂಟಿಮೀಟರ್ ಆತು, ಫುಟ್‌ಬಾಲ್‌ಕಿಂತ ದೊಡ್ಡದು. ಇನ್ನ ಬೀಳೂ ವೇಗ. 52 ಮೀಟರ್ ಇಳಿಯಾಕ ನೀರಿಗೆ 3 ಸೆಕೆಂಡ್ ಮ್ಯಾಲ ಬೇಕು, 60 ಸೆಂಟಿಮೀಟರ್ ಅದು ಸೆಕೆಂಡಿನ ಮೂರನೇ ಒಂದು ಪಾಲಿನ್ಯಾಗ ಬಿದ್ದುಬಿಡತೈತಿ, ಅದಕ್ಕ ಜಲಪಾತ ಆಗೂದಿಲ್ಲ, ನಳ ಬಿಟ್ಟಂಗ ಕಾಣತೈತಿ. ಮ್ಯಾಲಾಗಿ ಪಿಓಪಿ ನೆನದು ಪುಡಿ ಆಗತೈತಿ, ಹಳಿಗೆ ತುಕ್ಕು ಹಿಡೀತೈತಿ, ಟ್ರ್ಯಾಕ್ ಕೆಳಗ ವೈರ್ ಐತಿ.

ನಿಮ್ಮೂರಾಗ ನೋಡಿ ಮಾಡಾಕ ತಾಜ್ ಬಾವಡಿ ಐತಲ್ಲ, 1620ರ ಸುಮಾರಿನದು. ಅಪ್ಪನ ಜೊತಿ ಹೋಗಿ ಮೆಟ್ಟಲ ಎಣಿಸಿಕೊಂಡು ಬಾ. ಬಾವಿ ನೀರ ಎಲ್ಲಾದಕ್ಕಿಂತ ಸುಲಭ, ತಳಕ್ಕ ಕಪ್ಪು ಹಸರು, ಮ್ಯಾಲ ಹೊಳಪು ವಾರ್ನಿಷ್, ಮೂಲಿಗೆ ಹಸರ ಬಣ್ಣದ ಕಟಗಿ ಪುಡಿ ಉದುರಿಸಿದ್ರ ಪಾಚಿ. ಮೆಟ್ಟಲದ ನೆರಳು ಆ ವಾರ್ನಿಷ್‌ದಾಗ ಬಿದ್ದದ್ದು ನೋಡಿದ ಮ್ಯಾಲ ಅವ ಪಂಪ್ ಕೇಳೂದಿಲ್ಲ.

ಪ್ರಶ್ನೆ: ನಾನು ರೈಲ್ವೆಯಿಂದ ರಿಟೈರ್ ಆದಾಂವ. ಕ್ಯಾಸಲ್ ರಾಕ್ ಘಾಟಿನ ದೂಧಸಾಗರ ಮಳಿಗಾಲದಾಗ ಹೆಂಗಿರತೈತಿ ಹಂಗ ಮಾಡಬೇಕು. – ಲೋಂಡಾ

ಉತ್ತರ: ಕಾಕಾರ, ಪೂರಾ ಮಾಡಾಕ ಹೋಗಬ್ಯಾಡ್ರಿ, ಸುಮಾರು 310 ಮೀಟರ್ ಫಾಲ್ಸ್ ಎಚ್‌ಓದಾಗ ಮೂರೂವರೆ ಮೀಟರ್, ಮಾಳಗಿ ಹರದು ಮ್ಯಾಲ ಹೋಗತೈತಿ. ನಡುವ ಸೇತುವೆ ಇರೂ ತುಂಡು ಒಂದ ತಗೋರಿ, ಮ್ಯಾಲೂ ಕೆಳಗೂ ಮಂಜಿನಾಗ ಮುಚ್ಚಿಬಿಡ್ರಿ. ಮಂಜಿಗೆ ದಿಂಬಿನ ಪಾಲಿಯೆಸ್ಟರ್ ಹತ್ತಿ, ಉಗಿ ಕಂಡಂಗ ಎಳದು ಎಳದು ತೆಳ್ಳಗ ಮಾಡಿ. 37ಕ್ಕ 1ರ ಏರು, ಅಂದ್ರ 37 ಅಡಿ ಹೋದ್ರ 1 ಅಡಿ ಏರೂದು, ನಿಮಗ ಗೊತ್ತ ಐತಿ, ಹಿಂದ ರೈಲು ನೂಕೂ ಬ್ಯಾಂಕರ್ ಎಂಜಿನ್ ಇಡೂದು ಮರೀಬ್ಯಾಡ್ರಿ. ಕೆಂಪು ಮಣ್ಣು, ಸ್ಲೀಪರ್, ಬಂಡಿ ಎಲ್ಲಾ ಹಸಿ ಕಾಣಾಕ ಹೊಳಪು ಅಕ್ರಿಲಿಕ್ ವಾರ್ನಿಷ್‌ಗೆ ಅರ್ಧ ನೀರ ಕಲಸಿ ಸಣ್ಣ ಬ್ರಷ್‌ದಿಂದ ಅಲ್ಲಲ್ಲಿ ಮುಟ್ಟಸ್ರಿ. ಹಳಿ ತಲಿ ಮ್ಯಾಲ ಬಿದ್ರ ಕರೆಂಟ್ ಹಾಯೂದಿಲ್ಲ, ಒಣಗೂದರೊಳಗ ಅರಿವಿಲೆ ಒರಸಿಬಿಡ್ರಿ.