ಎರಡು ನಿಮಿಷದ ಹಾರಾಟಕ್ಕೆ ದೆಹಲಿಯವರೆಗೆ ಹೋಗಬೇಕಾ?

ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರ ಕೊಟ್ಟವರು ವಾಯುಪಡೆಯಲ್ಲಿ 24 ವರ್ಷ ವಿಮಾನಗಳ ಮೆಕ್ಯಾನಿಕ್ ಆಗಿದ್ದವರು. ನಿವೃತ್ತಿಯ ನಂತರ ಪುಣೆಯ ಟಿಂಗ್ರೆ ನಗರದಲ್ಲಿ ನೆಲೆಸಿದ್ದಾರೆ.

ಪ್ರಶ್ನೆ: ಸರ್, ನಮಸ್ಕಾರ. ನಮ್ಮಪ್ಪನಿಗೆ ಈಗ 76 ವರ್ಷ. ಗದಗದಿಂದ ಮುಂಬೈಗೆ ಬಂದು ಗಿರಣಿಯಲ್ಲಿ ದುಡಿದವರು. 2024ರ ಜನವರಿಯಲ್ಲಿ ಮರೀನ್ ಡ್ರೈವ್‌ನಲ್ಲಿ ವಾಯುಪಡೆಯ ಪ್ರದರ್ಶನ ನಡೆದಾಗ ಅವರನ್ನು ಕರೆದುಕೊಂಡು ಹೋಗಿದ್ದೆ. ಅವತ್ತಿನಿಂದ ಒಂದೇ ಮಾತು, "ಜನವರಿ 26ರ ವಿಮಾನ ಹಾರಾಟ ದಿಲ್ಲಿಯೊಳಗ ಒಮ್ಮೆ ನೋಡಬೇಕವ್ವ." ಅಣ್ಣ ಬೇಡ ಅಂತಾನೆ. ಟೀವಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ, ಎರಡು ನಿಮಿಷ ನೋಡೋಕೆ ಅಷ್ಟು ಖರ್ಚು ಯಾಕೆ ಅನ್ನೋದು ಅವನ ವಾದ. ನೀವೇನಂತೀರಿ? ಹೋದರೆ ಎಲ್ಲಿ ಕೂರಬೇಕು, ಹೇಗೆ ನೋಡಬೇಕು?
– ಡೊಂಬಿವಲಿಯ ಓದುಗರು

ಉತ್ತರ: ಹೋಗಿ ಬನ್ನಿ ತಂಗಿ. ಅಪ್ಪನ ಕಾಲು ಗಟ್ಟಿ ಇರುವಾಗಲೇ ಹೋಗಿ ಬನ್ನಿ.

ನಿಮ್ಮ ಅಣ್ಣನ ಮಾತು ನನಗೆ ಅರ್ಥವಾಗುತ್ತದೆ. ನಾನೂ ಬಹಳ ವರ್ಷ ಟೀವಿಯಲ್ಲೇ ನೋಡಿದವನು. ಕೆಲಸದಲ್ಲಿದ್ದಾಗ ಅಂಬಾಲಾ ವಾಯುನೆಲೆಯಲ್ಲಿ ಜಾಗ್ವಾರ್ ಯುದ್ಧವಿಮಾನಗಳ ಮೇಲೆ ಕೆಲಸ ಮಾಡಿದ್ದೇನೆ. ಜನವರಿ ಬಂತೆಂದರೆ ನಮ್ಮ ವಿಮಾನಗಳು ದೆಹಲಿಗೆ ಹೋಗುತ್ತಿದ್ದವು. ಆದರೆ ಜನ ಕತ್ತೆತ್ತಿ ನೋಡುವ ಹೊತ್ತಿಗೆ ನಾವು ಅಲ್ಲಿ ಇರುತ್ತಿರಲಿಲ್ಲ. ಅಂಬಾಲಾದ ಚಳಿಯಲ್ಲಿ, ರನ್‌ವೇ ಕಡೆ ಮುಖ ಮಾಡಿ ನಿಂತಿರುತ್ತಿದ್ದೆವು. ಹೋದವು ಎಷ್ಟು, ಬಂದವು ಎಷ್ಟು ಅಂತ ಎಣಿಸುತ್ತಿದ್ದೆವು. ಕೊನೆಯ ವಿಮಾನದ ಗಾಲಿ ನೆಲಕ್ಕೆ ತಾಗಿದ ಮೇಲೆಯೇ ಚಹಾ.

2022ರ ಗಣರಾಜ್ಯೋತ್ಸವದಲ್ಲಿ, ಸ್ವಾತಂತ್ರ್ಯದ 75ನೇ ವರ್ಷ ಅಂತ 75 ವಿಮಾನಗಳು ಹಾರಿದವು. ಅದರಲ್ಲಿ 17 ಜಾಗ್ವಾರ್‌ಗಳು ಸೇರಿ ಆಕಾಶದಲ್ಲಿ '75' ಅಂತ ಅಂಕಿ ಬರೆದವು. ನಾನು ಇಲ್ಲಿ ಮನೆಯಲ್ಲಿ, ಟೀವಿ ಮುಂದೆ, ನನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದೆ. ಅವತ್ತೇ ತೀರ್ಮಾನ ಮಾಡಿದೆ, ಒಮ್ಮೆಯಾದರೂ ಜನರ ನಡುವೆ ನಿಂತು, ಕೆಳಗಿನಿಂದ ನೋಡಬೇಕು ಅಂತ.

ಆ ಅವಕಾಶ ಸಿಕ್ಕಿದ್ದು ಚೆನ್ನೈಯಲ್ಲಿ. 2024ರ ಅಕ್ಟೋಬರ್ 6, ಭಾನುವಾರ. ವಾಯುಪಡೆಗೆ 92 ವರ್ಷ ತುಂಬಿದ್ದಕ್ಕೆ ಮರೀನಾ ಬೀಚ್ ಮೇಲೆ 72 ವಿಮಾನಗಳ ಪ್ರದರ್ಶನ. ಮಗಳ ಮನೆ ಅಲ್ಲೇ ಇರುವುದರಿಂದ ಹೆಂಡತಿ, ನಾನು ಎರಡು ದಿನ ಮೊದಲೇ ಹೋಗಿದ್ದೆವು. ಬೆಳಿಗ್ಗೆ ಎಂಟಕ್ಕೆಲ್ಲ ಮರಳ ಮೇಲೆ ಜಾಗ ಹಿಡಿದೆವು. ಶುರುವಾಗಿದ್ದು ಹನ್ನೊಂದಕ್ಕೆ.

ಮೊದಲ ಜೆಟ್ ಬಂದಾಗ ಏನಾಯಿತು ಗೊತ್ತಾ? ನಮ್ಮ ಮುಂದೆ ಒಂದು ಮಗು ಅಪ್ಪನ ಹೆಗಲ ಮೇಲೆ ಕೂತಿತ್ತು. ಸದ್ದು ಕೇಳಿ ಎಲ್ಲರೂ ಹಿಂದೆ ತಿರುಗಿದರು. ಮಗು ಮಾತ್ರ ಮುಂದೆ ಬೆರಳು ತೋರಿಸುತ್ತಿತ್ತು. ಮಗು ತೋರಿಸಿದ್ದೇ ಸರಿ. ವಿಮಾನ ಆಗಲೇ ಮುಂದೆ ಹೋಗಿತ್ತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಗಂಟೆಗೆ 900 ಕಿ.ಮೀ. ವೇಗದ ಜೆಟ್ ಅದೇ ಒಂದು ಸೆಕೆಂಡಿನಲ್ಲಿ 250 ಮೀಟರ್ ಓಡಿರುತ್ತದೆ. ಹಾಗಾಗಿ ಸದ್ದು ಬಂದ ಕಡೆ ನೋಡಿದರೆ ಖಾಲಿ ಆಕಾಶ. ಅಪ್ಪನಿಗೆ ಇದೊಂದು ಮಾತು ಮೊದಲೇ ಹೇಳಿಡಿ. ಸದ್ದಿಗಿಂತ ಮುಂದೆ ನೋಡಬೇಕು. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಅಣ್ಣನಿಗೆ ಇನ್ನೊಂದು ಹೇಳಿ. ಟೀವಿಯಲ್ಲಿ ಸದ್ದು ಬರುತ್ತದೆ ನಿಜ, ಆದರೆ ಅದು ಎದೆಯೊಳಗೆ ಹೋಗೋದಿಲ್ಲ. ಮರೀನಾದಲ್ಲಿ ಹಳೇ ಡಕೋಟಾ ಸಾಗಣೆ ವಿಮಾನ ಬಂದಾಗ ನನಗೆ ಕಣ್ಣು ತುಂಬಿತು. ಜೆಟ್‌ಗಳ ಹಾಗೆ ಅದು ಕಿರುಚೋದಿಲ್ಲ. ಎರಡು ಪಿಸ್ಟನ್ ಎಂಜಿನ್, ಒಂದೊಂದಕ್ಕೆ 14 ಸಿಲಿಂಡರ್. ಗುಡುಗುಡು ಅಂತ, ಮಳೆಗಾಲದ ದೂರದ ಗುಡುಗಿನ ಹಾಗೆ ನಿಧಾನ ಹತ್ತಿರ ಬರುತ್ತದೆ. 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರನ್ನು ಶ್ರೀನಗರಕ್ಕೆ ಹೊತ್ತು ಇಳಿಸಿದ್ದು ಇದೇ ಜಾತಿಯ ವಿಮಾನ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಚಪ್ಪಲಿ ಬಿಟ್ಟು ಕೈ ಮುಗಿದು ನಿಂತಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ.

ಆದರೆ ಅವತ್ತಿನ ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಬಿಸಿಲು ವಿಪರೀತ. ಲಕ್ಷಗಟ್ಟಲೆ ಜನ. ಐದು ಜನ ಪ್ರಾಣ ಕಳೆದುಕೊಂಡರು. ಮುಗಿದ ಮೇಲೆ ನಾವಿಬ್ಬರು ಗಂಟೆಗೂ ಹೆಚ್ಚು ಹೊತ್ತು ನಡೆದೆವು, ಬಾಟಲಿಯ ನೀರು ಯಾವಾಗಲೋ ಮುಗಿದಿತ್ತು. ಒಬ್ಬರ ಮನೆ ಗೇಟಿನಲ್ಲಿ ಹುಡುಗಿಯೊಬ್ಬಳು ಬಿಂದಿಗೆ ಇಟ್ಟುಕೊಂಡು ದಾರಿಹೋಕರಿಗೆಲ್ಲ ನೀರು ಕೊಡುತ್ತಿದ್ದಳು. ಆ ಲೋಟದ ನೀರು ನಾನು ಸಾಯೋವರೆಗೆ ಮರೆಯೋದಿಲ್ಲ. ಹಾಗಾಗಿ ವಯಸ್ಸಾದವರನ್ನು ಕರೆದುಕೊಂಡು ಬಯಲಿನ ಪ್ರದರ್ಶನಕ್ಕೆ ಹೋಗುವಾಗ ನೀರು, ಟೊಪ್ಪಿಗೆ, ಬೇಗ ಹೊರಬರುವ ದಾರಿ ಇವು ಮೂರನ್ನು ಮೊದಲೇ ಯೋಚಿಸಿ.

ಈ ಲೆಕ್ಕದಲ್ಲಿ ಅಪ್ಪನಿಗೆ ದೆಹಲಿಯೇ ಒಳ್ಳೆಯದು. ಚಳಿಗಾಲ, ಟಿಕೆಟ್ ಇದ್ದರೆ ಕೂರಲು ಕುರ್ಚಿ. ವಾಯುಪಡೆ ದಿನದ ಹಾರಾಟವನ್ನು 2022ರಲ್ಲಿ ಚಂಡೀಗಢ, 2023ರಲ್ಲಿ ಪ್ರಯಾಗರಾಜ್, ಆಮೇಲೆ ಚೆನ್ನೈ ಅಂತ ಊರೂರಿಗೆ ಒಯ್ಯುತ್ತಿದ್ದಾರೆ. ಜನವರಿ 26ರದ್ದು ಮಾತ್ರ ದೆಹಲಿಯ ಕರ್ತವ್ಯ ಪಥದ ರಸ್ತೆ ಬಿಟ್ಟು ಹೋಗೋದಿಲ್ಲ.

ಟಿಕೆಟ್ ಜನವರಿ ಮೊದಲ ವಾರದಲ್ಲೇ ರಕ್ಷಣಾ ಸಚಿವಾಲಯದ 'ಆಮಂತ್ರಣ್' ಜಾಲತಾಣದಲ್ಲಿ ಸಿಗುತ್ತದೆ. ಈಚಿನ ವರ್ಷಗಳಲ್ಲಿ 100 ಮತ್ತು 20 ರೂಪಾಯಿ ಇತ್ತು. ಬೇಗ ಖಾಲಿಯಾಗುತ್ತದೆ, ಮೊದಲ ದಿನವೇ ಕೂತು ಮಾಡಿ. ಟಿಕೆಟ್‌ಗೆ ಯಾವ ಗುರುತಿನ ಚೀಟಿ ಕೊಟ್ಟಿರುತ್ತೀರೋ ಅದರ ಅಸಲನ್ನೇ ಒಯ್ಯಬೇಕು. ಮುಂಬೈನ ಸಿಎಸ್‌ಎಂಟಿ ನಿಲ್ದಾಣದಿಂದ ಹೊರಡುವ ರಾಜಧಾನಿ ರೈಲು ಕಲ್ಯಾಣದಲ್ಲಿ ನಿಲ್ಲುತ್ತದೆ, ಡೊಂಬಿವಲಿಯವರಿಗೆ ಅದೇ ಸುಲಭ. ವಿಮಾನದಲ್ಲಿ ಹೋಗುವುದಾದರೆ ಎಚ್ಚರ. ಗಣರಾಜ್ಯೋತ್ಸವಕ್ಕೆ ಮುಂಚಿನ ಒಂದು ವಾರ ಬೆಳಿಗ್ಗೆ ಎರಡೂವರೆ ಗಂಟೆಯಷ್ಟು ಹೊತ್ತು ದೆಹಲಿಯ ಆಕಾಶ ಬೇರೆ ವಿಮಾನಗಳಿಗೆ ಬಂದ್ ಇರುತ್ತದೆ.

ವಿಮಾನಗಳು ರಾಷ್ಟ್ರಪತಿ ಭವನದ ಕಡೆಯಿಂದ ಇಂಡಿಯಾ ಗೇಟ್ ಕಡೆಗೆ, ಅಂದರೆ ಪಶ್ಚಿಮದಿಂದ ಪೂರ್ವಕ್ಕೆ ಬರುತ್ತವೆ. ಮಧ್ಯಾಹ್ನದ ಹೊತ್ತು, ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ರಸ್ತೆಯ ಉತ್ತರ ಬದಿಗೆ ಜಾಗ ಸಿಕ್ಕರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಟೊಪ್ಪಿಗೆ ಇರಲಿ, ಬಲಗಡೆ ನೋಡುತ್ತಿರಿ. ದಕ್ಷಿಣ ಬದಿಯಾದರೆ ಬಿಸಿಲು ಬೆನ್ನಿಗೆ, ವಿಮಾನಗಳು ಎಡಗಡೆಯಿಂದ. ಮಂಜು ಜಾಸ್ತಿ ಇದ್ದರೆ ಬರೀ ಸದ್ದು ಕೇಳಿ ಬರಬೇಕಾದೀತು. ಅದಕ್ಕೇ, ಸಾಧ್ಯವಾದರೆ ಜನವರಿ 23ಕ್ಕೇ ಅಲ್ಲಿರಿ. ಅವತ್ತು ಪೂರ್ಣ ತಾಲೀಮು ನಡೆಯುತ್ತದೆ. ಎರಡರಲ್ಲಿ ಒಂದು ದಿನವಾದರೂ ಆಕಾಶ ತೆರೆದುಕೊಂಡೀತು.

ಮೊಬೈಲ್ ಜೇಬಿನಲ್ಲಿರಲಿ. ವಿಡಿಯೊ ಎಷ್ಟು ಬೇಕಾದರೂ ಸಿಗುತ್ತದೆ, ಅಲ್ವಾ? ನೀವು ಒಂದು ಸಲ ಅಪ್ಪನ ಮುಖ ನೋಡಿ.

ಪ್ರಶ್ನೆ: ಅಂಕಲ್, ಗಣರಾಜ್ಯೋತ್ಸವದ ದಿನ ಅಷ್ಟೊಂದು ವಿಮಾನಗಳು ಬೇರೆ ಬೇರೆ ಊರಿನಿಂದ ಹೊರಟು ಸರಿಯಾದ ಸೆಕೆಂಡಿಗೆ ಹೇಗೆ ಬರುತ್ತವೆ?
– ಗೋವಾದ ವಾಸ್ಕೋದಿಂದ, ಒಂಬತ್ತನೇ ತರಗತಿಯ ವಿದ್ಯಾರ್ಥಿ

ಉತ್ತರ: ಒಳ್ಳೆಯ ಪ್ರಶ್ನೆ ಮಗು. ಗಂಟೆಗೆ 780 ಕಿ.ಮೀ. ಅಂದರೆ ನಿಮಿಷಕ್ಕೆ 13 ಕಿ.ಮೀ. ಹತ್ತು ಸೆಕೆಂಡು ತಡವಾದರೆ ಎರಡು ಕಿ.ಮೀ.ಗಿಂತ ಹಿಂದೆ ಉಳಿದಂತೆ. ಆದ್ದರಿಂದ ಎಲ್ಲ ತಂಡಗಳೂ ನಗರದ ಹೊರಗೆ, ತಮಗೆ ಗೊತ್ತುಮಾಡಿದ ಜಾಗದಲ್ಲಿ ಸುತ್ತು ಹೊಡೆಯುತ್ತ ಕಾಯುತ್ತವೆ. ನಿಧಾನದ ಹೆಲಿಕಾಪ್ಟರ್‌ಗಳು ಒಂದು ಲೆಕ್ಕದಲ್ಲಿ, ದೊಡ್ಡ ಸಾಗಣೆ ವಿಮಾನಗಳು ಇನ್ನೊಂದು ಲೆಕ್ಕದಲ್ಲಿ, ಫೈಟರ್‌ಗಳು ಮತ್ತೊಂದು ಲೆಕ್ಕದಲ್ಲಿ ಹೊರಡುತ್ತವೆ. ವೇದಿಕೆಯ ನೆತ್ತಿಯ ಮೇಲೆ ಎಷ್ಟು ಹೊತ್ತಿಗೆ ಇರಬೇಕು ಅಂತ ಲೀಡರ್‌ಗೆ ಗೊತ್ತಿರುತ್ತದೆ. ದಾರಿಯಲ್ಲಿ ವೇಗವನ್ನು ಒಂಚೂರು ಏರಿಸಿ ಇಳಿಸಿ ಸರಿಮಾಡಿಕೊಳ್ಳುತ್ತಾರೆ. ಪಕ್ಕದಲ್ಲಿ ಹಾರುವವರು ಲೀಡರ್ ವಿಮಾನದ ಎರಡು ಗುರುತುಗಳನ್ನು ಒಂದೇ ಗೆರೆಗೆ ತಂದು ಅದರ ಮೇಲೇ ಕಣ್ಣು ನೆಟ್ಟಿರುತ್ತಾರೆ. ಕೆಳಗಿನ ರಾಜಧಾನಿ, ಜನ, ಬಾವುಟ ಯಾವುದನ್ನೂ ಅವರು ನೋಡೋದಿಲ್ಲ.

ನೆಲದ ಮೇಲಿನ ಕೆಲಸವನ್ನೂ ತಿಳಿದುಕೋ. ಹಿಂದಿನ ರಾತ್ರಿ ಕಾಕ್‌ಪಿಟ್‌ನ ಗಾಜು ಒರೆಸೋದೇ ಒಂದು ವ್ರತ. ಮೆತ್ತನೆಯ ಬಟ್ಟೆ, ಒಂದೇ ದಿಕ್ಕಿಗೆ ಕೈ. ಗಾಜಿನ ಮೇಲೆ ಸತ್ತ ಒಂದು ಸೊಳ್ಳೆ ಅಂಟಿದ್ದರೆ ಪೈಲಟ್‌ಗೆ ದೂರದಲ್ಲಿ ಇನ್ನೊಂದು ವಿಮಾನ ಇದ್ದ ಹಾಗೆ ಕಾಣುತ್ತದೆ. ಆಮೇಲೆ ಪಿನ್ನುಗಳು. ನಿಂತ ವಿಮಾನದ ಗಾಲಿ ಮಡಚಿಕೊಳ್ಳದಂತೆ, ಪೈಲಟ್‌ನ ಸೀಟು ತಾನಾಗಿ ಹೊರಚಿಮ್ಮದಂತೆ ಪಿನ್ ಹಾಕಿರುತ್ತಾರೆ, ಒಂದೊಂದಕ್ಕೂ ಕೆಂಪು ಪಟ್ಟಿ. ಹೊರಡುವ ಮುನ್ನ ತೆಗೆದು, ಪೈಲಟ್‌ಗೆ ಕಾಣುವಂತೆ ಎತ್ತಿ ಹಿಡಿಯಬೇಕು. ಆತ ಎಣಿಸಿ ಹೆಬ್ಬೆರಳು ಎತ್ತುತ್ತಾನೆ. ಎಂಜಿನ್‌ನ ಅಬ್ಬರದಲ್ಲಿ ಮಾತು ಕೇಳೋದಿಲ್ಲ, ಆ ಹೆಬ್ಬೆರಳೇ ಮಾತು. ನಾನು ಪ್ರತಿ ಸಲ ಬಾಯಲ್ಲಿ ಒಂದು, ಎರಡು, ಮೂರು ಅಂತ ಕನ್ನಡದಲ್ಲೇ ಎಣಿಸುತ್ತಿದ್ದೆ.

ನಿನಗೆ ಇನ್ನೊಂದು ಖುಷಿಯ ಸಂಗತಿ. ಆಕಾಶದಲ್ಲಿ ಕಸರತ್ತು ತೋರಿಸುವ ಒಂಬತ್ತು ವಿಮಾನಗಳ ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದು ನಮ್ಮ ಬೀದರ್‌ನಲ್ಲಿ. ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್, ತೇಜಸ್ ಫೈಟರ್ ಎರಡೂ ಬೆಂಗಳೂರಿನ ಎಚ್‌ಎಎಲ್‌ನವು.

ಪ್ರಶ್ನೆ: ಲೋಹಗಾಂವ್ ವಾಯುನೆಲೆಯಿಂದ ಸುಖೋಯ್ ಯುದ್ಧವಿಮಾನ ಏಳುವಾಗಲೆಲ್ಲ ನನ್ನ ಒಂದೂವರೆ ವರ್ಷದ ಮಗ ಬೆಚ್ಚಿ ಅಳುತ್ತಾನೆ. ಏನು ಮಾಡಲಿ?
– ಪುಣೆಯ ಧಾನೋರಿಯ ತಾಯಿ

ಉತ್ತರ: ಸದ್ದು ನಿಜಕ್ಕೂ ಜೋರು ತಾಯಿ, ಅದನ್ನು ಸಣ್ಣದು ಅಂತ ನಾನು ಹೇಳೋದಿಲ್ಲ. ಸುಖೋಯ್-30 ಎಂಕೆಐ ಮೊದಲು ಪಡೆಗೆ ಸೇರಿದ್ದೇ ಇಲ್ಲಿ, 2002ರಲ್ಲಿ. ನಮ್ಮ ಮೊಮ್ಮಗಳೂ ಹೀಗೇ ಅಳುತ್ತಿದ್ದಳು. ನಾನು ಅವಳನ್ನು ಎತ್ತಿಕೊಂಡು ಟೆರೇಸಿಗೆ ಹೋಗಿ, ಎರಡೂ ಕಿವಿ ಅಂಗೈಯಿಂದ ಮುಚ್ಚಿ, ಹೋಗುವ ವಿಮಾನ ತೋರಿಸುತ್ತಿದ್ದೆ. ಎಲ್ಲಿಂದ ಸದ್ದು ಅಂತ ಕಂಡ ಮೇಲೆ ಹೆದರಿಕೆ ಕಡಿಮೆಯಾಯಿತು. ತಿಂಗಳೊಳಗೆ "ಟಾಟಾ" ಮಾಡತೊಡಗಿದಳು. ಮಲಗಿದ್ದಾಗ ಕಿಟಕಿ ಮುಚ್ಚಿಡಿ, ಅಷ್ಟೇ.

ನೀವು ಆ ದಾರಿಯಲ್ಲೇ ಇರುವುದರಿಂದ ಒಂದು ಕೋರಿಕೆ. ದೆಹಲಿಯಲ್ಲಿ ಜನವರಿಯ ಹಾರಾಟಕ್ಕೆ ಮುಂಚೆ ಹದ್ದುಗಳಿಗೆ ಬೇರೆ ಜಾಗಗಳಲ್ಲಿ ಮಾಂಸ ಎಸೆಯುತ್ತಾರೆ, ಅವು ವಿಮಾನಗಳ ದಾರಿಗೆ ಬಾರದಿರಲಿ ಅಂತ. ನಮ್ಮಲ್ಲಿ ಕೆಲವರು ಸುಮ್ನೆ ರಸ್ತೆ ಮೂಲೆಗೆ ಮೀನು, ಕೋಳಿಯ ಕಸ ಸುರಿದು ಹದ್ದುಗಳನ್ನು ದಾರಿಗೇ ಕರೆಯುತ್ತಿದ್ದೇವೆ. ವಿಮಾನ ನಿಲ್ದಾಣದ ಸುತ್ತ 10 ಕಿ.ಮೀ. ಒಳಗೆ ಹಾಗೆ ಕಸ ಹಾಕುವುದಕ್ಕೆ ಕಾನೂನಿನಲ್ಲೇ ನಿಷೇಧವಿದೆ. ಹಕ್ಕಿ ಬಡಿದು ಬಂದ ವಿಮಾನದ ಎಂಜಿನ್ ಬಾಯಿಯೊಳಗೆ ಟಾರ್ಚ್ ಹಿಡಿದು ಇಳಿದವನು ನಾನು. ರಕ್ತ ಮೆತ್ತಿದ ಗರಿಗಳನ್ನು ಕೈಯಿಂದ ತೆಗೆದಿದ್ದೇನೆ, ಬಾಗಿದ ಬ್ಲೇಡ್ ಬೆರಳಿಂದ ಸವರಿ ನೋಡಿದ್ದೇನೆ. ಅವತ್ತು ಪೈಲಟ್ ಕ್ಷೇಮವಾಗಿ ಇಳಿದಿದ್ದ. ನಿಮ್ಮ ಸೊಸೈಟಿಯವರಿಗೂ ಹೇಳಿ, ಕಸದ ಚೀಲದ ಬಾಯಿ ಗಟ್ಟಿ ಕಟ್ಟಿ, ಬೆಳಗಿನ ಗಾಡಿಗೇ ಕೊಡಲಿ.